ನಾನು ಕೈ ಕಟ್ಟಿಸಿದ ಅಪ್ಪ

ಒಬ್ಬ ಅಪ್ಪನಿಗೆ ನಾನು ಕೈ ಕಟ್ಟಿ ಕೂರಲು ಹೇಳಿದ್ದೆ. ಆತ ಐದು ವಾರ ಹಾಗೇ ಕೂತ.

ಶಾಲೆಯ ಮಕ್ಕಳಿಗೆ ಹೇಳಿ ನೋಡಿ, ಐದು ನಿಮಿಷಕ್ಕೆ ಬಿಚ್ಚಿಬಿಡುತ್ತಾರೆ. ಈತನಿಗೆ ಮೂವತ್ತನಾಲ್ಕು ವರ್ಷ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಮನೆ, ಪೇಪರ್ ಮಿಲ್ಲಿನ ಮೆಷಿನ್ ಹೌಸಿನಲ್ಲಿ ಕೆಲಸ. ರುದ್ರೇಶ್ ಎಂದು ಕರೆಯೋಣ. (ನಿಜವಾದ ಹೆಸರು ಬೇರೆ. ಮನೆಯವರೆಲ್ಲರ ಹೆಸರನ್ನೂ ಬದಲಿಸಿದ್ದೇನೆ. ಬದಲಿಸದೆ ಬಿಟ್ಟಿರುವುದು ನನ್ನ ತಪ್ಪನ್ನು ಮಾತ್ರ.)

ನನ್ನ ಕೆಲಸ ಏನೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗಾಗಿ ಎರಡು ಸಾಲು. ನಾನು ಸ್ಪೀಚ್ ಥೆರಪಿಸ್ಟ್. ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಸಣ್ಣ ಕ್ಲಿನಿಕ್ಕು. ಮಾತು ತಡವಾದ ಪುಟ್ಟ ಮಕ್ಕಳು ಅಲ್ಲಿಗೆ ಬರುತ್ತಾರೆ. ಮಂಗಳವಾರ ಮಾತ್ರ ನಾನೇ ಬಸ್ ಹತ್ತಿ ಭದ್ರಾವತಿಗೆ ಹೋಗಿ ಮಕ್ಕಳನ್ನು ಅವರ ಮನೆಯಲ್ಲೇ ನೋಡುತ್ತೇನೆ. ಆ ಬಸ್ಸಿನ ಕಂಡಕ್ಟರು ನನ್ನನ್ನು "ಮಾತಿನ ಮೇಡಂ" ಅನ್ನುತ್ತಾನೆ.

ನನ್ನ ಚಟವೂ ನಿಮಗೆ ಗೊತ್ತು. ಎಣಿಸುವುದು. ದಿನಕ್ಕೊಂದು ಪುಟ ಡೈರಿ, ಮಗುವಿಗೊಂದು ನೋಟ್‌ಬುಕ್ಕು. ಯಾವ ವಾರ, ಎಷ್ಟು ಶಬ್ದ, ಎಷ್ಟು ಸಲ. "ಇವಳು ದೋಸೆ ತಿನ್ನುವಾಗಲೂ ತೂತು ಎಣಿಸ್ತಾಳೆ" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ. ಎಣಿಸಿದ್ದು ಸುಳ್ಳು ಹೇಳುವುದಿಲ್ಲ ಎಂದು ನಾನು ನಂಬಿದ್ದೆ.

ಸುಳ್ಳು ಹೇಳುವುದಿಲ್ಲ, ನಿಜ. ಆದರೆ ನಾವು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ.

ರುದ್ರೇಶ್‌ಗೆ ಒಬ್ಬಳೇ ಮಗಳು, ಚೈತ್ರ. ಎರಡು ವರ್ಷ ಎಂಟು ತಿಂಗಳು. ಎರಡೂ ಕಿವಿ ಮಂದ. ಏನೇನೂ ಕೇಳುವುದಿಲ್ಲ ಎಂದಲ್ಲ. ಹತ್ತಿರ ಬಂದು ಗಟ್ಟಿಯಾಗಿ ಹೇಳಿದರೆ ಅಷ್ಟಿಷ್ಟು ಒಳಗೆ ಹೋಗುತ್ತದೆ. ಮೊದಲ ದಿನ ಕ್ಲಿನಿಕ್ಕಿಗೆ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ತಾಯಿ ಶೋಭಾ ಹತ್ತು ಪ್ರಶ್ನೆ ಕೇಳಿದಳು. ರುದ್ರೇಶ್ ಕೇಳಿದ್ದು ಒಂದೇ.

"ಅಪ್ಪ ಅಂತಾಳಾ ಮೇಡಂ?"

"ನಾನು ಹೇಳಿದ ಹಾಗೆ ಮಾಡಿದ್ರೆ ಅಂತಾಳೆ" ಎಂದೆ. (ಇಪ್ಪತ್ತಾರರ ವಯಸ್ಸಿಗೆ ಎಷ್ಟು ಧೈರ್ಯ ನೋಡಿ.)

ಶೋಭಾ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. ಮಗು ತಾನಾಗಿ ಯಾರಿಗಾದರೂ ಏನನ್ನಾದರೂ ತಿಳಿಸಲು ಹೊರಟರೆ ಒಂದು ಗೀಟು. ಕೂಗಿ ಕರೆಯಲಿ, ಸೆರಗು ಎಳೆಯಲಿ, ಬೆರಳು ತೋರಿಸಲಿ, ಎಲ್ಲದಕ್ಕೂ ಗೀಟು. ಪಕ್ಕದಲ್ಲಿ ಏನು ವಿಷಯ ಎಂದು ಒಂದು ಸಾಲು. ಮೊದಲ ವಾರ ಏನನ್ನೂ ಬದಲಾಯಿಸಬೇಡಿ, ಸುಮ್ಮನೆ ಬರೆಯಿರಿ ಎಂದೆ.

ಮೊದಲ ವಾರದ ಲೆಕ್ಕ: ದಿನಕ್ಕೆ ನಲವತ್ಮೂರು. ಒಳ್ಳೆಯ ಸಂಖ್ಯೆ. ಡೈರಿಯಲ್ಲಿ ಬರೆದುಕೊಂಡೆ. ಅದರ ಕೆಳಗೆ "ಮಾತು: ಸೊನ್ನೆ" ಎಂದೂ ಬರೆದೆ.

ಮರುವಾರ ಹಿಯರಿಂಗ್ ಏಡ್ ಬಂತು. ಎದೆಯ ಮೇಲೆ ಬಟ್ಟೆಯ ಚೀಲ, ಅದರೊಳಗೆ ಬೆಂಕಿಪೊಟ್ಟಣದಷ್ಟು ಯಂತ್ರ, ಅಲ್ಲಿಂದ ಕಿವಿಗೆ ವೈರು. ಜೊತೆಗೆ ನನ್ನ ನಿಯಮಗಳ ಹಾಳೆ. ಒಂದು, ಏಡ್ ಎದ್ದಾಗಿನಿಂದ ಮಲಗುವವರೆಗೆ ಇರಬೇಕು. ಎರಡು, ಕೈಸನ್ನೆ ಬೇಡ, ಮಾತು ಮಾತ್ರ. ಕೈಯಲ್ಲೇ ಕೆಲಸ ಆಗಿಬಿಟ್ಟರೆ ಮಗು ಬಾಯಿ ಯಾಕೆ ತೆರೆಯುತ್ತದೆ? ನನಗೆ ಓದುವಾಗ ಕಲಿಸಿದ್ದೇ ಹಾಗೆ.

ರುದ್ರೇಶ್ ತಲೆ ಕೆರೆದುಕೊಂಡ. "ಕೈ ತಡೆಯೋಕಾಗಲ್ಲ ಮೇಡಂ. ಅಭ್ಯಾಸ ಆಗ್ಬಿಟ್ಟಿದೆ."

"ಹಾಗಾದ್ರೆ ಕೈ ಕಟ್ಟಿ ಕೂತ್ಕೊಳ್ಳಿ" ಎಂದೆ. ಯಾವ ಅಭ್ಯಾಸ ಎಂದು ಕೇಳಲಿಲ್ಲ.

ಆಮೇಲಿನ ಐದು ವಾರಗಳ ಲೆಕ್ಕ ನನ್ನ ಡೈರಿಯಲ್ಲಿದೆ. ಮೂವತ್ನಾಲ್ಕು. ಇಪ್ಪತ್ತಾರು. ಹತ್ತೊಂಬತ್ತು. ಹನ್ನೆರಡು. ಒಂಬತ್ತು.

ವೈರು ಚುಚ್ಚುತ್ತಿರಬೇಕು ಎಂದುಕೊಂಡೆ. ವೈರು ಬದಲಾಯಿಸಿದೆ. ಬ್ಯಾಟರಿ ಶೆಲ್ ಬದಲಾಯಿಸಿದೆ. ನೆಗಡಿ ಇತ್ತಾ ಎಂದು ಕೇಳಿದೆ. ಐದನೇ ವಾರ ಬಾಯಿಗೆ ಬಂದದ್ದು ಇದು: "ಶೋಭಾ, ನೀವು ಬರೆಯೋಕೆ ಮರೀತಿದ್ದೀರಾ?"

ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ಆಕೆ ಎದ್ದು ಅಡುಗೆಮನೆಗೆ ಹೋದಳು.

ಚೈತ್ರ ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದಳು. ಮಾತು ಬಾರದ ಮಗುವಿನ ಬಗ್ಗೆ ನನಗೆ ಹೆದರಿಕೆ ಇಲ್ಲ. ಹೇಳುವ ಆಸೆಯನ್ನೇ ಬಿಟ್ಟ ಮಗುವಿನ ಬಗ್ಗೆ ಇದೆ. ಆ ಆಸೆ ಹೋದರೆ ಎದೆಯ ಮೇಲಿನ ಚೀಲದಲ್ಲಿ ಇರುವುದು ಬರೀ ಬೆಂಕಿಪೊಟ್ಟಣ.

ಇನ್ನು ಕಳೆದ ಮಂಗಳವಾರ.

ನಾನು ಪ್ರತಿ ಸಲ ಕಾಗದನಗರ ಮುಟ್ಟುವುದು ಬೆಳಿಗ್ಗೆ ಹನ್ನೊಂದಕ್ಕೆ. ರುದ್ರೇಶ್ ಆಗ ಮಿಲ್ಲಿನಲ್ಲಿರುತ್ತಾನೆ. ಕಳೆದ ಮಂಗಳವಾರ ಕ್ಲಿನಿಕ್ಕಿನಲ್ಲಿ ಇಬ್ಬರು ಹೊಸ ಮಕ್ಕಳು, ಬಸ್ಸು ತಪ್ಪಿತು, ನಾನು ಹೋಗುವಷ್ಟರಲ್ಲಿ ಎರಡೂವರೆ. ಶಿಫ್ಟ್ ಬಿಟ್ಟು ಸೈಕಲ್ಲುಗಳು ಸಾಲಾಗಿ ಕ್ವಾರ್ಟರ್ಸಿನ ಕಡೆ ಬರುತ್ತಿದ್ದವು. ಅವುಗಳಲ್ಲೊಂದು ರುದ್ರೇಶ್‌ನದು. ನಾನು ಇನ್ನೂ ಗೇಟಿನಾಚೆ ಇದ್ದೆ. ಆತ ನನ್ನನ್ನು ನೋಡಲಿಲ್ಲ.

ಚೈತ್ರ ಓಡಿ ಬಂದಳು. ಅಪ್ಪನ ಮುಖ ನೋಡಲಿಲ್ಲ, ನೆಟ್ಟಗೆ ಕೈ ನೋಡಿದಳು.

ರುದ್ರೇಶ್ ಸೈಕಲ್ ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತ. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡ. ಮಗಳ ಎದೆಯ ಚೀಲದ ಹತ್ತಿರ ಬಗ್ಗಿ ನಿಧಾನವಾಗಿ, ನನ್ನ ಹಾಳೆಯಲ್ಲಿದ್ದ ಹಾಗೆಯೇ ಹೇಳಿದ: "ಚೈತ್ರ. ಅಪ್ಪ. ಅಪ್ಪ ಬಂದೆ."

ಅವಳು ಅವನ ಬಲಗೈಯನ್ನು ಕಂಕುಳಿಂದ ಎಳೆದು ಹೊರತೆಗೆದಳು. ಮುಷ್ಟಿ ಬಿಗಿಯಾಗಿತ್ತು. ಒಂದೊಂದೇ ಬೆರಳು ಬಿಡಿಸಿದಳು. ಖಾಲಿ ಅಂಗೈಯನ್ನು ತಿರುಗಿಸಿ ನೋಡಿದಳು. ಎಡಗೈಗೂ ಹಾಗೇ ಮಾಡಿದಳು. ಆಮೇಲೆ ಎರಡೂ ಕೈಗಳನ್ನು ಅವನ ತೊಡೆಯ ಮೇಲೆ ಇಟ್ಟು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಬೆನ್ನು ಹಾಕಿ ಕೂತಳು.

ಹಿಂದಿನಿಂದ ಅಜ್ಜಿಯ ದನಿ ಬಂತು. ರುದ್ರೇಶ್‌ನ ತಾಯಿ. ಕಡ್ಡಿಯಂಥ ಮೈ, ಗಂಟೆಯಂಥ ಗಂಟಲು.

"ನೋಡ್ಕೊಂಡ್ರಾ ಮೇಡಮ್ಮ? ದಿನಾ ಇದೇ ಆಯ್ತು. ಮಾತು ಕಲಿಸ್ತೀನಿ ಅಂತ ಬಂದು ಇದ್ದ ಮಾತೂ ಕಿತ್ಕೊಂಡ್ರಲ್ಲ ತಾಯಿ."

"ಅವ್ವಾ, ಸುಮ್ನಿರು" ಎಂದು ರುದ್ರೇಶ್ ಗಾಬರಿಯಾಗಿ ಎದ್ದ.

"ಯಾಕೆ ಸುಮ್ನಿರ್ಲಿ? ನಿನ್ ಕೈ ಕಟ್ಟಿದಾರೆ, ನನ್ ಬಾಯಿ ಕಟ್ಟಿಲ್ಲ."

"ಇದ್ದ ಮಾತು ಅಂದ್ರೆ?" ಎಂದು ಕೇಳಿದೆ. ಆರು ವಾರ ತಡವಾಗಿ.

ಆಗ ಎಲ್ಲ ಹೊರಬಿತ್ತು.

ಮೆಷಿನ್ ಹೌಸಿನಲ್ಲಿ ಪಕ್ಕದವನು ಕಿವಿಯ ಹತ್ತಿರ ಕಿರುಚಿದರೂ ಕೇಳುವುದಿಲ್ಲ, ಅಷ್ಟು ಸದ್ದು. ಹಾಗಾಗಿ ಅಲ್ಲಿ ಮಾತೆಲ್ಲ ಕೈಯಲ್ಲಿ. ಎರಡು ಮುಷ್ಟಿ ಜೋಡಿಸಿ ಎಳೆದರೆ ಪೇಪರ್ ಹರಿಯಿತು. ಹೆಬ್ಬೆರಳು ತುಟಿಗಿಟ್ಟರೆ ಚಾ. ತಲೆಯ ಮೇಲೆ ಬೆರಳು ತಿರುಗಿಸಿದರೆ ಶಿಫ್ಟ್ ಮುಗಿಯಿತು. ಹೊಟ್ಟೆ ತಟ್ಟಿದರೆ ಹುಷಾರು, ದೊಡ್ಡ ಹೊಟ್ಟೆಯ ಫೋರ್‌ಮನ್ ಬರುತ್ತಿದ್ದಾರೆ.

"ಆರ್ಮುಗಣ್ಣಂಗೆ ಕನ್ನಡ ಅಷ್ಟಕ್ಕಷ್ಟೆ, ನಂಗೆ ತಮಿಳು ಬರಲ್ಲ ಮೇಡಂ. ಏಳು ವರ್ಷ ಪಕ್ಕಪಕ್ಕ ಕೆಲಸ ಮಾಡಿದೀವಿ. ಒಂದು ಜಗಳ ಇಲ್ಲ" ಎಂದ ರುದ್ರೇಶ್.

"ಮಾತಾಡಿದ್ರೆ ತಾನೆ ಜಗಳ" ಎಂದಳು ಅಜ್ಜಿ.

ಎಂಟು ಗಂಟೆ ಹಾಗೆ ದುಡಿದ ಕೈ ಮನೆಗೆ ಬಂದ ಕೂಡಲೇ ಸುಮ್ಮನಾಗುತ್ತದೆಯೇ? ಚಾ ಬೇಕೆಂದು ಹೆಂಡತಿಗೆ ಹೆಬ್ಬೆರಳು ತೋರಿಸುತ್ತಿದ್ದ. ಚೈತ್ರ ನೋಡಿ ಕಲಿತಳು. ಹೆಬ್ಬೆರಳು ಅವಳಿಗೆ ಹಾಲಾಯಿತು. ಪೇಪರ್ ಹರಿಯುವ ಸನ್ನೆ ಒಡೆದ ಬಳೆಗೆ, ಮುರಿದ ಬಿಸ್ಕತ್ತಿಗೆ, ತೂತಾದ ಲಂಗಕ್ಕೆ. ಶಿಫ್ಟ್ ಮುಗಿದದ್ದು ಸೈಕಲ್ಲಿನಲ್ಲಿ ಒಂದು ರೌಂಡ್ ಹೋಗುವುದಕ್ಕೆ.

"ಫೋರ್‌ಮನ್?"

ರುದ್ರೇಶ್ ನಗು ತಡೆಯಲು ಬಾಯಿಗೆ ಕೈ ಅಡ್ಡ ಇಟ್ಟ. ಅಜ್ಜಿ ತಾನೇ ಹೇಳಿದಳು. "ಅದು ನಾನಂತೆ! ಮಣ್ಣು ತಿನ್ನುವಾಗ ನಾನು ಬಂದ್ರೆ ಹೊಟ್ಟೆ ತಟ್ಟಿ ತಟ್ಟಿ ಅಪ್ಪಂಗೆ ಹೇಳೋಳು. ನನ್ಗೆಲ್ಲಿದೆ ಮೇಡಮ್ಮ ಹೊಟ್ಟೆ?"

ಅಲ್ಲೇ ಜಗಲಿಯ ಮೇಲೆ ಕೂತು ಡೈರಿಯಲ್ಲಿ ಪಟ್ಟಿ ಮಾಡಿದೆ. ಹದಿನಾಲ್ಕಾಯಿತು. ನಾನು "ಮಾತು: ಸೊನ್ನೆ" ಎಂದು ಬರೆದಿದ್ದ ಮಗುವಿಗೆ ಹದಿನಾಲ್ಕು ಮಾತು ಬರುತ್ತಿತ್ತು. ಎರಡು ವರ್ಷ ಎಂಟು ತಿಂಗಳಿಗೆ ಅಪ್ಪನ ಜೊತೆ ಸೇರಿ ಅಜ್ಜಿಯನ್ನು ಗೇಲಿ ಮಾಡುವಷ್ಟು ಬರುತ್ತಿತ್ತು. ಬಾಯಿಂದ ಬಂದದ್ದೇ ಮಾತು ಎಂದುಕೊಂಡು ನಾನು ಅದರ ಕೈ ಕಟ್ಟಿಸಿದ್ದೆ.

"ಮೊದಲೇ ಯಾಕೆ ಹೇಳಲಿಲ್ಲ ರುದ್ರೇಶ್ ಅವರೇ?"

"ಅದೆಲ್ಲ ಮಾತು ಅಂತ ನಂಗೇನು ಗೊತ್ತು ಮೇಡಂ? ಮಿಲ್ಲಿನ ಕಪಿಚೇಷ್ಟೆ ಅಂದ್ಕೊಂಡಿದ್ದೆ." ಮಗಳ ಬೆನ್ನು ನೋಡುತ್ತಾ ಹೇಳಿದ, "ಅಪ್ಪ ಅಂತಾಳೆ ಅಂದ್ರಲ್ಲ. ಅದಕ್ಕೇ ತಡ್ಕೊಂಡಿದ್ದೆ. ಕೈ ಮೇಲೇ ಕೂತಿದ್ದೆ ಕೆಲವು ದಿನ."

ನಾನು ಹಾಳೆ ತರಿಸಿ ಎರಡನೇ ನಿಯಮದ ಮೇಲೆ ಗೀಟು ಎಳೆದೆ. "ಕೈ ಬಿಡಿ" ಎಂದೆ.

"ಮತ್ತೆ ಮಾತು?"

"ಅದೂ ಇರಲಿ. ಕೈ, ಬಾಯಿ ಎರಡೂ ಒಟ್ಟಿಗೆ. ಹತ್ತಿರ ಬಂದು ಹೇಳಿ, ಹೇಳ್ತಾ ತೋರಿಸಿ."

"ನಿಮ್ಮ ಓದಿನಲ್ಲಿ ಹಂಗೆ ಇದೆಯಾ?"

ಇರಲಿಲ್ಲ. "ನಿಮ್ಮ ಮನೇಲಿ ಇದೆ" ಎಂದೆ.

ರುದ್ರೇಶ್ ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಹೆಬ್ಬೆರಳು ತುಟಿಗಿಟ್ಟ. "ಹಾಲು?" ಅವಳು ಮುಖ ತಿರುಗಿಸಿದಳು. ಇನ್ನೊಂದು ಸಲ. ಇಲ್ಲ. ಐದು ವಾರ ಮಾತು ಬಿಟ್ಟವನ ಜೊತೆ ಯಾರು ತಾನೇ ಒಂದೇ ಸಲಕ್ಕೆ ರಾಜಿಯಾಗುತ್ತಾರೆ? ನನ್ನ ಪೆನ್ನು ಡೈರಿಯ ಮೇಲೆ ನಿಂತೇ ಇತ್ತು. ನಾಲ್ಕು ನಿಮಿಷ. (ಹೌದು, ಗಡಿಯಾರ ನೋಡಿಕೊಂಡೆ.)

ಆಮೇಲೆ ಆತ ಜೇಬಿನಿಂದ ಬಿಸ್ಕತ್ತು ತೆಗೆದು ಅವಳ ಕಣ್ಣೆದುರೇ ಮುರಿದ. ಎರಡು ಮುಷ್ಟಿ ಜೋಡಿಸಿ ಎಳೆದ. "ಅಯ್ಯೋ! ಹರಿದೋಯ್ತು!"

ಚೈತ್ರ ಬಿಸ್ಕತ್ತು ನೋಡಿದಳು. ಅಪ್ಪನ ಕೈ ನೋಡಿದಳು. ಅಪ್ಪನ ಬೆನ್ನ ಹಿಂದೆ ನೋಡಿದಳು. ಆಮೇಲೆ ಬಹಳ ಗಂಭೀರವಾಗಿ ತನ್ನ ಹೊಟ್ಟೆಯನ್ನು ಎರಡು ಸಲ ತಟ್ಟಿಕೊಂಡಳು.

ಅಜ್ಜಿ ಚಾ ಲೋಟ ಹಿಡಿದು ಬರುತ್ತಿದ್ದಳು.

"ಬಂತಪ್ಪ ನನ್ ಹೊಟ್ಟೆ ವಾಪಸ್!" ಎಂದಳು ಅಜ್ಜಿ. ಚಾ ಅರ್ಧ ಸೀರೆಯ ಮೇಲೆ ಚೆಲ್ಲಿತು. ರುದ್ರೇಶ್ ನಗುತ್ತಲೇ ತೋಳಿನಿಂದ ಕಣ್ಣು ಒರೆಸಿಕೊಂಡ. ಅದೊಂದು ಗಂಟೆಯಲ್ಲಿ ನಾನು ಹಾಕಿದ ಗೀಟು ಹನ್ನೊಂದು. "ಅಪ್ಪ" ಎನ್ನುವ ಶಬ್ದ ಬಂತೇ? ಇಲ್ಲ. ಇನ್ನೂ ಇಲ್ಲ. ಆ ಕಾಲಂ ಖಾಲಿಯೇ ಇದೆ. ಬರುತ್ತದೆ ಎಂದು ಈ ಸಲ ಮಾತು ಕೊಟ್ಟು ಬಂದಿಲ್ಲ. ಈಗ ಅವಳು ಮತ್ತೆ ಹೇಳತೊಡಗಿದ್ದಾಳೆ. ಹೇಳುವವಳಿಗೆ ಶಬ್ದ ಹುಡುಕಿ ಕೊಡುವುದಷ್ಟೇ ನನ್ನ ಕೆಲಸ.

ಅಷ್ಟಕ್ಕೂ ಕೈಯಿಲ್ಲದೆ ಮಾತಾಡುವವರು ಯಾರಿದ್ದಾರೆ? ನಮ್ಮ ಮನೆಗೆ ಫೋನ್ ಬಂದು ಆರು ತಿಂಗಳಾಯಿತು. ಅಮ್ಮ ದಾವಣಗೆರೆಯ ಚಿಕ್ಕಮ್ಮನಿಗೆ ಹೊಸ ಬೀರು ಎಷ್ಟೆತ್ತರ ಇದೆ ಎಂದು ರಿಸೀವರ್ ಕತ್ತಿಗೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ತೋರಿಸುತ್ತಾಳೆ. "ಇಷ್ಟಿದೆ ಕಣೇ, ಇಷ್ಟು!" ಆ ಕಡೆಯಿಂದ ಚಿಕ್ಕಮ್ಮ, "ಅಬ್ಬಾ, ಅಷ್ಟೊಂದಾ?" ನಾನು ದಿನಾ ನೋಡಿ ನಗುತ್ತೇನೆ. ನಕ್ಕು ಕ್ಲಿನಿಕ್ಕಿಗೆ ಹೋಗಿ, ಕೈಸನ್ನೆ ಬೇಡ ಎಂದು ಕಾರ್ಬನ್ ಇಟ್ಟು ಬರೆದು ಕೊಡುತ್ತಿದ್ದೆ.

ಹೊರಡುವಾಗ ಶೋಭಾಗೆ ಹೇಳಿದೆ, "ಹೋದ ವಾರ ಹಾಗೆ ಕೇಳಬಾರದಿತ್ತು. ತಪ್ಪಾಯ್ತು."

"ಬಿಡಿ ಮೇಡಂ" ಎಂದಳು. ಆಮೇಲೆ ತಡೆಯಲಾರದೆ, "ಆದ್ರೆ ನಾನು ಒಂದೂ ಬಿಟ್ಟಿಲ್ಲ. ನೀವು ಓದಿದ್ರೆ ಗೊತ್ತಾಗ್ತಿತ್ತು."

ತುಂಬಿದ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು, ಹೊಸದು ಕೊಟ್ಟು ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೊದಲ ಸಲ ಗೀಟು ಬಿಟ್ಟು ಪಕ್ಕದ ಸಾಲುಗಳನ್ನು ಓದಿದೆ. ಪಿಯುಸಿವರೆಗೆ ಓದಿದ ಶೋಭಾಳ ದುಂಡು ಅಕ್ಷರ. ಮೊದಲ ವಾರದಲ್ಲೇ ಎಲ್ಲ ಇತ್ತು. "ಸಂಜೆ, ಅಪ್ಪನ ಹತ್ತಿರ ಹೆಬ್ಬೆರಳು ತೋರಿಸಿ ಹಾಲು ಕೇಳಿದಳು." "ಬಳೆ ಒಡೆಯಿತೆಂದು ಅಪ್ಪನಿಗೆ ಹೇಳಿದಳು, ಇಬ್ಬರೂ ನಕ್ಕರು." ನಾನು ಆರು ವಾರ ಪ್ರತಿ ಪುಟವನ್ನೂ ತಿರುಗಿಸಿದ್ದೆ. ಗೀಟು ಎಣಿಸಿದ್ದೆ, ಕೂಡಿದ್ದೆ, ಏಳರಿಂದ ಭಾಗಿಸಿದ್ದೆ.

ಕೊನೆಯ ಪುಟಗಳಲ್ಲಿ ಸಾಲುಗಳು ಕಡಿಮೆ. ಒಂದು ಹೀಗಿತ್ತು: "ಮಂಗಳವಾರ, ಹನ್ನೊಂದು ಗಂಟೆ. ಗೇಟಿನ ಹತ್ತಿರ ಮೇಡಂ ಕೊಡೆ ಕಂಡು ಅಜ್ಜಿಗೆ ಹೇಳಲು ಓಡಿದಳು. ಎರಡೂ ಕೈ ಎದೆಯ ಮೇಲೆ ಕಟ್ಟಿ ತೋರಿಸಿದಳು. ಮೇಡಂ ಬಂದರು ಎಂದು."

ಹದಿನೈದನೆಯ ಮಾತು. ನನ್ನ ಪಟ್ಟಿಗೆ ಸೇರಿಸಿಕೊಂಡೆ.

ಅವಳು "ಅಪ್ಪ" ಅನ್ನಲು ಎಷ್ಟು ತಿಂಗಳು ಬೇಕೋ, ಅದು ಹಾಗಿರಲಿ. ನನ್ನ ಹೆಸರು ಬದಲಾಯಿಸಲು ಅವಳಿಗೆ ಇನ್ನೆಷ್ಟು ಮಂಗಳವಾರ ಬೇಕು?