ಕಾಶಮ್ಮ ಅತ್ತೆ ಹೊಲಿದ ಸಲ್ವಾರ್

ಮೊನ್ನೆ ಭಾನುವಾರದ ಪುರವಣಿಯಲ್ಲಿ ಒಂದು ಚಿತ್ರ ಬಂದಿತ್ತು. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯವೊಂದರಲ್ಲಿ ಫ್ರೆಂಚ್ ಉಡುಪು ವಿನ್ಯಾಸಕಿಯೊಬ್ಬಳ ಬದುಕಿನುದ್ದದ ಕೆಲಸವನ್ನು ಪ್ರದರ್ಶನಕ್ಕಿಟ್ಟಿದ್ದರಂತೆ. ಹೆಂಗಸರ ಸೊಂಟ ಬಿಗಿಯುತ್ತಿದ್ದ ಉಡುಪನ್ನು ಸಡಿಲಿಸಿ, ಸಲೀಸಾಗಿ ನಡೆಯುವಂಥ ಬಟ್ಟೆ ಕೊಟ್ಟ ಮೊದಲಿಗರಲ್ಲಿ ಆಕೆ ಒಬ್ಬಳಂತೆ. ಫ್ಯಾಷನ್ನಿಗೂ ನನಗೂ ಏನು ಸಂಬಂಧ ಎಂದು ನೀವು ನಗಬಹುದು. ಸೀರೆಗೆ ಹೊಂದುವ ಕುಪ್ಪಸ ಹುಡುಕುತ್ತಲೇ ಕಾಲೇಜಿಗೆ ತಡ ಮಾಡಿಕೊಳ್ಳುವ ಅಧ್ಯಾಪಕಿ ನಾನು. ಆದರೆ ಆ ಚಿತ್ರ ನೋಡಿ ನನಗೆ ನೆನಪಾದದ್ದು ಅಪ್ಪನ ತಂಗಿ, ಕಾಶಮ್ಮ ಅತ್ತೆ.

ಎಂಬತ್ತರ ದಶಕದ ಮಾತು. ಕಮಲಾಪುರದಿಂದ ಕಲಬುರಗಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದೆ. ಆ ನೂಕುನುಗ್ಗಲಿನಲ್ಲಿ ಸೀರೆ ಉಟ್ಟು ಹತ್ತುವುದೇ ಒಂದು ಪರೀಕ್ಷೆ. ಒಮ್ಮೆ ಇಳಿಯುವಾಗ ನೆರಿಗೆ ಕಾಲಿಗೆ ಸಿಕ್ಕಿ ಬಿದ್ದೆ, ಮುಂಗೈ ಮುರಿಯಿತು. ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ಕೂಡಲೇ ಅಪ್ಪ, "ಸಾಕು, ಇನ್ನ ಕಾಲೇಜ ಬ್ಯಾಡ" ಅಂದುಬಿಟ್ಟರು.

ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದ ಅತ್ತೆ ಊರವರ ಕುಪ್ಪಸ ಹೊಲಿಯುತ್ತಿದ್ದಳು. ಅಣ್ಣನಿಗೆ ಎಂದೂ ಎದುರಾಡಿದವಳಲ್ಲ. ಮರುವಾರ ಒಬ್ಬಳೇ ಕಲಬುರಗಿಗೆ ಹೋಗಿ, ರೋಜಾ ಬಡಾವಣೆಯ ಅಂಗಡಿಯೊಂದರಲ್ಲಿ ತೂಗುಹಾಕಿದ್ದ ಸಲ್ವಾರನ್ನು ಒಳಗೂ ಹೊರಗೂ ತಿರುವಿ ನೋಡಿ, ಬಟ್ಟೆ ಮಾತ್ರ ಕೊಂಡು ಬಂದಳು. ನಮ್ಮ ಮನೆತನದಲ್ಲಿ ಯಾರೂ ಅದನ್ನು ತೊಟ್ಟಿರಲಿಲ್ಲ. ಹೊಲಿದದ್ದು ನೋಡಿ ಅಪ್ಪ ಕೆರಳಿದರು.

"ಮಂದಿ ಏನಂತಾರ, ಕಾಶಿ?"

"ಮಂದಿ ಬಿದ್ದಿಲ್ಲಣ್ಣ, ನಿನ್ನ ಮಗಳು ಬಿದ್ದಾಳ." ಅತ್ತೆ ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. "ಆಕೀನ ಮನ್ಯಾಗ ಕೂಡಸ್ತೀ ಅಂದ್ರ ನನ್ನೂ ಗಂಡನ ಮನಿಗಿ ಕಳಸಿಬಿಡು."

ಆ ಮನೆಯಲ್ಲಿ ಅವಳು ಪಟ್ಟ ಪಾಡು ಅಪ್ಪನಿಗೆ ಗೊತ್ತಿತ್ತು. ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಕೈ ಕೂಡಿದ ಮೇಲೆ ನಾನು ಸಲ್ವಾರ್ ತೊಟ್ಟು ಹೊರಟಾಗ ಬಸ್ ನಿಲ್ದಾಣದವರೆಗೂ ಬಂದರು, ನನ್ನ ಜೊತೆಯವರಲ್ಲ ಎಂಬಂತೆ ತುಸು ದೂರದಲ್ಲಿ ನಡೆಯುತ್ತ. ಮುಂದಿನ ವರ್ಷ ತಂಗಿಗೂ ಒಂದು ಹೊಲಿಯಲು ಅವರೇ ಹೇಳಿದರು.

ಅತ್ತೆ ಈಗ ನನ್ನ ಜೊತೆ ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರದ ಮನೆಯಲ್ಲಿದ್ದಾಳೆ. ಸಂಜೆ ಅವಳಿಗೆ ಆ ಚಿತ್ರ ತೋರಿಸಿದೆ.

"ಆಕಿ ಅದಾಳೇನು?"

"ಇಲ್ಲತ್ತಿ, ತೀರಿಕೊಂಡು ಭಾಳ ವರ್ಷ ಆತು."

"ಹಂಗಾರ ಇದೆಲ್ಲ ನೋಡ್ಲೇ ಇಲ್ಲ, ಪಾಪ."

ಪುರವಣಿ ಬದಿಗಿಟ್ಟು ಅವಳ ಎದುರು ಕೂತೆ. "ಅತ್ತಿ, ನೀ ಅವತ್ತು ಹೊಲೀಲಿಲ್ಲಂದ್ರ ನಾ ಕಲೀತಿದ್ದಿಲ್ಲ."

ಅತ್ತೆ, "ಆ ಸಲ್ವಾರದ ಎಡಗಾಲು ಜರಾ ಉದ್ದ ಆಗಿತ್ತು. ನೀ ಓಣಿ ದಾಟೂತನಾ ಅದನ್ನೇ ನೋಡಕೋತ ಬಾಗಲಾಗ ನಿಂತಿದ್ದೆ. ಕಾಲೇಜಿನ್ಯಾಗ ಯಾರರೆ ನಕ್ಕರೇನು?" ಅಂದಳು.

"ಯಾರೂ ನಗಲಿಲ್ಲತ್ತಿ."

"ಖರೇ?" ಅತ್ತೆ ನನ್ನ ಕೈ ಹಿಡಿದುಕೊಂಡಳು.