ಹರೀಸ್ ಬಟ್ಟಲು ಹಿಂದೆ ಹೋದ ದಿನ

ದುಬೈಯ ಮಿರ್ದಿಫಿನಲ್ಲಿದ್ದ ನಮ್ಮ ಮನೆಗೆ ಬಾಡಿಗೆ ಕಟ್ಟುತ್ತಿದ್ದುದು ಉಪ್ಪನ, ಅಂದರೆ ಅಪ್ಪನ, ಆಫೀಸು. ಕರಾರೂ ಆಫೀಸಿನ ಹೆಸರಿನಲ್ಲೇ ಇತ್ತು. ಪಕ್ಕದ ವಿಲ್ಲಾದ ಅರಬಿ ಅಜ್ಜಿ ಮನೆಯ ಒಡತಿ. ಮಗನಿಗೆ ಮದುವೆ, ಕರಾರು ಮುಗಿದ ಮೇಲೆ ಮನೆ ಬೇಕು ಎಂದು ಒಂದು ವರ್ಷ ಮೊದಲೇ ನೋಟೀಸ್ ಕೊಟ್ಟಿದ್ದರು. ಆಫೀಸು ಕೊಡುವಷ್ಟು ಬಾಡಿಗೆಗೆ ಈಗ ಬೇರೆ ಮನೆ ಸಿಗುತ್ತಿರಲಿಲ್ಲ. ನಾನೇ ಹದಿನಾಲ್ಕು ಮನೆ ನೋಡಿ, ಡೈರಿಯಲ್ಲಿ ಒಂದೊಂದನ್ನೇ ಹೊಡೆದುಹಾಕಿದ್ದೆ. ಈ ಮನೆ ಹೋದರೆ ಉಮ್ಮ, ತಂಗಿ ಊರಿಗೆ. ಉಪ್ಪ ಮತ್ತು ನಾನು ದೇರಾದ ಬೆಡ್‌ಸ್ಪೇಸಿಗೆ, ಹಲವರು ಹಂಚಿಕೊಂಡ ಕೋಣೆಯಲ್ಲಿ ತಲೆಗೊಂದು ಮಂಚಕ್ಕೆ.

ಉಮ್ಮ ಮಾತ್ರ ಇದನ್ನು ಒಪ್ಪಲಿಲ್ಲ. ಪ್ರತಿ ರಂಜಾನಿನಲ್ಲಿ ಅಜ್ಜಿಯ ಮನೆಯಿಂದ ಸ್ಟೀಲ್ ಬಟ್ಟಲಿನಲ್ಲಿ ಹರೀಸ್ ಬರುತ್ತಿತ್ತು, ಗೋಧಿ ಮತ್ತು ಮಾಂಸ ಬೇಯಿಸಿ ಅರೆದದ್ದು. ಬಂದ ಬಟ್ಟಲನ್ನು ನಮ್ಮಲ್ಲಿ ಬರಿದಾಗಿ ಕಳಿಸುವುದಿಲ್ಲ. ಉಮ್ಮ ಅಕ್ಕಿ-ಬೆಲ್ಲದ ಕಲ್ತಪ್ಪ ಮಾಡಿ ತುಂಬಿಸಿ ಕೊಡುತ್ತಿದ್ದರು. ಈ ಸಲ ಬಟ್ಟಲನ್ನು ತೊಳೆದು ಕಪಾಟಿನಲ್ಲಿಟ್ಟರು.

“ಎಂತಕ್ಕೆ ಇಟ್ಕೊಂಡದ್ದು?” ಎಂದೆ.

“ಅವರೇ ಕೇಳ್ಲಿಕ್ಕೆ ಬರ್ಲಿ. ಬಂದ್ರೆ ಕೂತ್ಕೊಳ್ತಾರೆ. ಕೂತ್ರೆ ಇನ್ನೊಂದು ವರ್ಷ ಕೇಳ್ಬಹುದು. ನಿನ್ನ ಡೈರಿಯಲ್ಲಿ ಅದಕ್ಕೆ ಜಾಗ ಇಲ್ವಾ?”

ಉಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. “ಬಟ್ಟಲು ಅಡ ಇಟ್ಕೊಂಡು ಮನೆ ಕೇಳುವವಳು ದುಬೈಯಲ್ಲಿ ನೀನೊಬ್ಳೇ ಮಾರಾಯ್ತಿ.”

ಹಬ್ಬ ಕಳೆಯಿತು. ಅಜ್ಜಿ ಕೇಳಲು ಬರಲಿಲ್ಲ.

ಕರಾರಿನ ಕೊನೆಯ ದಿನ ಬೆಳಿಗ್ಗೆ ಪಿಕಪ್ಪಿಗೆ ಹತ್ತೊಂಬತ್ತು ಪೆಟ್ಟಿಗೆ ಏರಿಸಿದೆವು. ಎಣಿಸಿದೆ, ಬರೆದೆ. ಏನೂ ಅನ್ನಿಸಲಿಲ್ಲ. ಗ್ಯಾಸ್ ಸಿಲಿಂಡರ್ ಹಿಂದಿನ ದಿನವೇ ಹೋಗಿತ್ತು. ಅಡುಗೆಕಟ್ಟೆಯ ಮೇಲೆ ಆ ಬಟ್ಟಲೊಂದೇ ಉಳಿದಿತ್ತು.

ಆಗ ಅಜ್ಜಿ ಕೀಲಿಗೆಂದು ಬಂದರು. ಅವರ ವಯಸ್ಸಿನ ಅರಬಿ ಹೆಂಗಸರಿಗೆ ಇಲ್ಲಿ ಎಲ್ಲರೂ ಮಾಮಾ ಎನ್ನುತ್ತಾರೆ, ಅಮ್ಮ ಎಂದ ಹಾಗೆ.

“ಬೈಠೋ ಮಾಮಾ,” ಎಂದು ಉಮ್ಮ ಅಭ್ಯಾಸದಿಂದ ಹೇಳಿ, ಸುತ್ತ ನೋಡಿದರು. ಕುರ್ಚಿಗಳೆಲ್ಲ ಪಿಕಪ್ಪಿನಲ್ಲಿದ್ದವು. ಅಜ್ಜಿ ಗೋಡೆಗೆ ಕೈ ಊರಿ ನಿಂತರು. ಬಟ್ಟಲನ್ನು ನೋಡಿದರು.

ಉಮ್ಮ ಅದನ್ನು ಎತ್ತಿಕೊಂಡರು. “ಖಾಲಿ ಹೈ, ಮಾಮಾ.”

“ಮಾಫಿ ಮುಶ್ಕಿಲ್,” ಎಂದು ಅಜ್ಜಿ ಕೈ ಚಾಚಿದರು. ಪರವಾಗಿಲ್ಲ, ಹಾಗೆಯೇ ಕೊಡು.

ಉಮ್ಮ ಕೊಡಲಿಲ್ಲ. ಒಂದೊಂದೇ ಕಪಾಟು ತೆರೆದು ನೋಡಿದರು. ಒಂದು ಖರ್ಜೂರವೂ ಇರಲಿಲ್ಲ. ಇನ್ನೊಂದು ವರ್ಷದ ಮಾತನ್ನೂ ಎತ್ತಲಿಲ್ಲ. ಕೊನೆಗೆ ಉಪ್ಪನ ಕೈಯಿಂದ ಕೀಲಿಗೊಂಚಲು ತೆಗೆದುಕೊಂಡು ಬಟ್ಟಲಿನಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಬಾಗಿಲಲ್ಲಿ ನಿಂತಿದ್ದ ತಂಗಿ ಕೇಳಿದಳು, “ಉಮ್ಮಾ, ಆರ್ ವಿ ಡನ್?”

“ಖಲಾಸ್. ಚಪ್ಪಲಿ ಹಾಕು.”