ನನಗಿಲ್ಲದ ಅಕ್ಕ

ನನಗೆ ಅಕ್ಕ ಇಲ್ಲ, ವಸುಂಧರಾ ಮೇಡಂ. ಎರಡು ವರ್ಷದ ಹಿಂದೆ ಬಳ್ಳಾರಿಯ ತರಬೇತಿಯಲ್ಲಿ ನಿಮ್ಮನ್ನು ಸೋಲಿಸಿದಳಲ್ಲ ಒಬ್ಬ ಅಕ್ಕ — ಅವಳನ್ನು ನಾನು ನಿಂತ ನಿಲುವಿನಲ್ಲೇ ಹುಟ್ಟಿಸಿದೆ.

ಅಂದು ನೀವು ಡಾಕ್ಟರುಗಳಿಗೂ ನರ್ಸುಗಳಿಗೂ ಹೇಳುತ್ತಿದ್ದದ್ದು ಇಷ್ಟೇ: ಗರ್ಭ ನಿಲ್ಲುವ ದಿನಗಳನ್ನು ದೇಹವೇ ಸೂಚಿಸುತ್ತದೆ; ಬಿಳಿ ಸ್ರಾವವನ್ನು, ಮೈಯ ಬಿಸಿಯನ್ನು ದಿನವೂ ಗಮನಿಸಲು ಕಲಿತ ದಂಪತಿ, ಮಗು ಬೇಡವೆಂದಿದ್ದರೆ, ಆ ದಿನಗಳಲ್ಲಿ ದೂರವಿರಬಹುದು; ಕೇಳಿ ಬಂದವರಿಗೆ ಕಲಿಸಬೇಕಾದರೆ ಮೊದಲು ನಾವು ಸರಿಯಾಗಿ ಕಲಿಯಬೇಕು. ಆಗಷ್ಟೇ ಡಾಕ್ಟರಾಗಿದ್ದ ನನಗೆ ಅದು ಪಾಠವಾಗಿ ಕೇಳಿಸಲಿಲ್ಲ — ಎದುರಾಳಿಯ ಮಂಡನೆಯಾಗಿ ಕೇಳಿಸಿತು. ಕಾಲೇಜಿನ ಚರ್ಚಾಸ್ಪರ್ಧೆಗಳು ಒಂದನ್ನು ಕಲಿಸಿದ್ದವು: ವಾದ ಸೊರಗಿದಾಗ ಸ್ವಂತ ಮನೆಯ ಉದಾಹರಣೆ ಕೊಡು, ಯಾರೂ ಸಾಕ್ಷಿ ಕೇಳುವುದಿಲ್ಲ. ಎದ್ದು ನಿಂತೆ.

“ನಮ್ಮಕ್ಕ ಇದನ್ನ ಮಾಡ್ಯಾಳ್ರಿ ಮೇಡಂ. ಈಗ ಮೂರು ಮಕ್ಕಳು.”

ಸಭೆ ಬಿದ್ದು ಬಿದ್ದು ನಕ್ಕಿತು. ಆಕೆಗೆ ಯಾರು, ಹೇಗೆ ಕಲಿಸಿದ್ದರು ಎಂದು ನೀವು ಕೇಳಿದಿರಿ — ನ್ಯಾಯವಾದ ಪ್ರಶ್ನೆ, ಆದರೆ ಇಲ್ಲದವಳ ಬಗ್ಗೆ. ನಗುವಿನಲ್ಲಿ ಅದು ಮುಳುಗಿಹೋಯಿತು. ಊಟದ ನಂತರ ಅರ್ಧ ಕುರ್ಚಿ ಖಾಲಿ. ಮುಂದಿನ ತಿಂಗಳು ಸಿರುಗುಪ್ಪದಲ್ಲಿ ನೀವು ನಡೆಸಬೇಕಿದ್ದ ತರಬೇತಿಗೆ ಯಾರೂ ಹೆಸರು ಕೊಡದೆ ಅದು ರದ್ದೇ ಆಯಿತು. ಅಕ್ಕ ಮಾತ್ರ ಸಿರುಗುಪ್ಪ ತಲುಪಿದ್ದಳು — ದಾರಿಯಲ್ಲಿ ಯಾರೋ ಅವಳಿಗೆ ಒಂದು ಜೋಡಿ ಅವಳಿಗಳನ್ನೂ ದಯಪಾಲಿಸಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇವತ್ತಿಗೂ ನಗುತ್ತಲೇ ಇರುತ್ತಿದ್ದೆನೇನೋ…

ಕಳೆದ ವಾರ, ಈಗ ನಾನು ಕೆಲಸ ಮಾಡುವ ಕುರುಗೋಡಿನಲ್ಲಿ, ಅಂದು ಬಳ್ಳಾರಿಯ ಸಭೆಯಲ್ಲಿ ನಕ್ಕವರಲ್ಲೊಬ್ಬರಾದ ನರ್ಸ್ ಗಿರಿಜಮ್ಮ ಒಬ್ಬ ಹೆಣ್ಣುಮಗಳ ಸುದ್ದಿ ತೆಗೆದರು. ಆಕೆಗೆ ಗುಳಿಗೆ ನುಂಗಿದರೆ ವಾಂತಿ, ಕಾಪರ್-ಟಿ ಹಾಕಿಸಿದರೆ ರಕ್ತ ನಿಲ್ಲದು. ಗಂಡ ತಾಳ್ಮೆಯವನು, ದಿನ ನೋಡಿಕೊಳ್ಳುವುದನ್ನು ಕಲಿಸಿರಿ ಎಂದು ಬಂದಿದ್ದಳಂತೆ.

“ನಿಮ್ಮಕ್ಕನ ಕತಿ ಹೇಳಿ ಕಳಿಸಿಬಿಟ್ಟೆ ಸರ. ಈಗ ನೋಡಿದ್ರ ಮತ್ತ ಬಸಿರಿ ಅದಾಳ, ಮೈಯಾಗ ರಕ್ತ ಇಲ್ಲ. ಅಂದಂಗ, ಅಕ್ಕಾರ ಮಕ್ಕಳು ಆರಾಮ ಅದಾವಲ್ರಿ?”

ಆಗಲಾದರೂ ಬಾಯಿ ಬಿಡಬೇಕಿತ್ತು. ಆರಾಮ ಅಂದೆ. ಹೆಸರು ಕೇಳಿದರು — ತಡವರಿಸದೆ ಮೂರೂ ಹೆಸರು ಹೇಳಿದೆ. ಕಿರಿಯವನು ಬಲು ಹಟಮಾರಿ ಎಂದೂ ಸೇರಿಸಿದೆ.

ಮೇಡಂ, ನಾಳೆ ಗಿರಿಜಮ್ಮನವರಿಗೆ ನಿಜ ಹೇಳುತ್ತೇನೆ. ನೀವು ಮತ್ತೆ ತರಬೇತಿ ನಡೆಸುವುದಾದರೆ ಎಲ್ಲರ ಮುಂದೆಯೂ ಹೇಳುತ್ತೇನೆ, ನಗಲಿ. ಆಮೇಲೆ ಆ ಹೆಣ್ಣುಮಗಳ ಮನೆ ಹುಡುಕಿಕೊಂಡು ಹೋಗಬೇಕು — ಆಕೆಯ ಹೆಸರನ್ನು ನಾನಿನ್ನೂ ಕೇಳಿಯೇ ಇಲ್ಲ.